ಲ್ಯಾಬ್ ಮತ್ತು ಆಸ್ಪತ್ರೆಯ ನಡುವಿನ ದಾರಿ: ವಿಶ್ವವಿದ್ಯಾಲಯದಲ್ಲಿ ಹುಟ್ಟುವ ಕಂಪನಿಗಳು ಏನು ಕೊಡುತ್ತವೆ?

ಇನ್ಸುಲಿನ್ ಎರಡು ಸಲ ವಿಶ್ವವಿದ್ಯಾಲಯದಿಂದ ಹೊರಗೆ ಬಂದಿದೆ. ಎರಡು ಸಲವೂ ಬಂದ ದಾರಿ ಬೇರೆ ಬೇರೆ.

ಮೊದಲ ಸಲ ಬಂದಿದ್ದು ಟೊರೊಂಟೊ ವಿಶ್ವವಿದ್ಯಾಲಯದಿಂದ. 1921ರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಅದನ್ನು ತೆಗೆದರು. ಸಂಶೋಧಕರು ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ದೊಡ್ಡ ಪ್ರಮಾಣದಲ್ಲಿ ತಯಾರಿಸಲು ವಿಶ್ವವಿದ್ಯಾಲಯವು ಎಲೈ ಲಿಲ್ಲಿ ಎಂಬ ಔಷಧ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಆಮೇಲೆ ಸುಮಾರು ಅರವತ್ತು ವರ್ಷ ಮಧುಮೇಹಿಗಳಿಗೆ ಸಿಗುತ್ತಿದ್ದುದು ಹಂದಿ ಮತ್ತು ದನಗಳ ಗ್ರಂಥಿಯಿಂದ ತೆಗೆದ ಇನ್ಸುಲಿನ್.

ಎರಡನೇ ಸಲದ ಕಥೆ ಕ್ಯಾಲಿಫೋರ್ನಿಯಾದ್ದು. ಒಂದು ಜೀವಿಯ ಡಿಎನ್‌ಎ ತುಣುಕನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಬೆಳೆಸುವ ವಿಧಾನವನ್ನು 1973ರಲ್ಲಿ ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ಕೋಹೆನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಬೋಯರ್ ತೋರಿಸಿದರು. 1976ರಲ್ಲಿ ಬೋಯರ್ ಮತ್ತು ರಾಬರ್ಟ್ ಸ್ವಾನ್ಸನ್ ಎಂಬ ಯುವ ಹೂಡಿಕೆದಾರ ಸೇರಿ ಜೆನೆನ್‌ಟೆಕ್ ಎಂಬ ಪುಟ್ಟ ಕಂಪನಿ ಕಟ್ಟಿದರು. 1978ರಲ್ಲಿ ಈ ಕಂಪನಿಯವರು ಸಿಟಿ ಆಫ್ ಹೋಪ್ ಸಂಸ್ಥೆಯ ವಿಜ್ಞಾನಿಗಳ ಜೊತೆ ಸೇರಿ ಬ್ಯಾಕ್ಟೀರಿಯಾದಲ್ಲಿ ಮನುಷ್ಯರ ಇನ್ಸುಲಿನ್ ತಯಾರಿಸಿದರು. 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಮಾರುಕಟ್ಟೆಗೆ ತಂದಿದ್ದು ಮತ್ತೆ ಅದೇ ಎಲೈ ಲಿಲ್ಲಿ.

ಹಾಗಾದರೆ ಎರಡನೇ ಸಲ ನಡುವೆ ಒಂದು ಹೊಸ ಕಂಪನಿ ಯಾಕೆ ಬೇಕಾಯಿತು? ಗ್ರಂಥಿಗಳಿಂದ ರಸ ತೆಗೆದು ಶುದ್ಧ ಮಾಡುವ ಕೆಲಸ 1920ರ ದಶಕದ ಔಷಧ ಕಂಪನಿಗೆ ಅಪರಿಚಿತವೇನಲ್ಲ. ಆದರೆ 1976ರಲ್ಲಿ ಬ್ಯಾಕ್ಟೀರಿಯಾದ ಕೈಯಲ್ಲಿ ಮನುಷ್ಯರ ಪ್ರೋಟೀನ್ ಮಾಡಿಸುವ ಅನುಭವ ಯಾವ ದೊಡ್ಡ ಕಂಪನಿಗೂ ಇರಲಿಲ್ಲ. ಇದು ಆಗುವ ಕೆಲಸ ಎಂದು ಮೊದಲು ಯಾರಾದರೂ ಸಾಬೀತು ಮಾಡಬೇಕಿತ್ತು. ಆ ಎರಡು ಮೂರು ವರ್ಷದ ಅಪಾಯವನ್ನು ಹೊತ್ತುಕೊಂಡಿದ್ದು ಜೆನೆನ್‌ಟೆಕ್.

ಸ್ಪಿನ್‌ಔಟ್ (ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟುವ) ಕಂಪನಿಗಳ ಬಗ್ಗೆ ಚರ್ಚೆ ಬಂದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ, "ವಿಶ್ವವಿದ್ಯಾಲಯಕ್ಕೆ ಎಷ್ಟು ದುಡ್ಡು ಬಂತು?" ಎಂಬುದು. ನನ್ನ ಪ್ರಕಾರ ಇದು ತಪ್ಪು ಕಡೆಯಿಂದ ಶುರುವಾಗುವ ಪ್ರಶ್ನೆ. ಈ ಕಂಪನಿಗಳ ನಿಜವಾದ ಕೆಲಸ ಲ್ಯಾಬಿಗೂ ದೊಡ್ಡ ಉದ್ಯಮಕ್ಕೂ ನಡುವಿನ ಅಪಾಯದ ದಾರಿಯನ್ನು ದಾಟುವುದು. ಆರೋಗ್ಯಕ್ಕೆ ಸಿಗುವ ಲಾಭ, ಆರ್ಥಿಕತೆಗೆ ಸಿಗುವ ಲಾಭ ಎರಡೂ ಅಲ್ಲಿಂದಲೇ ಬರುತ್ತವೆ. ವಿಶ್ವವಿದ್ಯಾಲಯದ ಖಾತೆಗೆ ಬೀಳುವ ಹಣ ಅದರ ಮುಂದೆ ತುಂಬಾ ಸಣ್ಣದು.

ಕಂಪನಿ ಹುಟ್ಟುವ ಬಗೆ

ವಿಶ್ವವಿದ್ಯಾಲಯದಲ್ಲಿ ನಡೆದ ಸಂಶೋಧನೆಯ ಫಲವನ್ನೇ ಬಂಡವಾಳವಾಗಿ ಇಟ್ಟುಕೊಂಡು ಹುಟ್ಟುವ ಕಂಪನಿಯನ್ನು ಸ್ಪಿನ್‌ಔಟ್ ಎನ್ನುತ್ತಾರೆ. ವಿದ್ಯಾರ್ಥಿಗಳು ಓದು ಮುಗಿಸಿ ಶುರುಮಾಡುವ ಎಲ್ಲ ಸ್ಟಾರ್ಟಪ್‌ಗಳೂ ಈ ಗುಂಪಿಗೆ ಸೇರುವುದಿಲ್ಲ. ಪೇಟೆಂಟ್ ವಿಶ್ವವಿದ್ಯಾಲಯದ ಹೆಸರಲ್ಲಿರುತ್ತದೆ, ಕಂಪನಿ ಅದನ್ನು ಬಳಸಲು ಲೈಸೆನ್ಸ್ ಪಡೆಯುತ್ತದೆ. ಇದು ಸಾಮಾನ್ಯ ಏರ್ಪಾಡು.

ಸಂಶೋಧಕರಿಗೆ ಉಪಯೋಗಕ್ಕೆ ಬರುವಂಥದ್ದು ಏನಾದರೂ ಕಂಡರೆ, ಅವರು ಮೊದಲು ವಿಶ್ವವಿದ್ಯಾಲಯದ ತಂತ್ರಜ್ಞಾನ ವರ್ಗಾವಣೆ ಕಚೇರಿಗೆ ತಿಳಿಸಬೇಕು. ಅದೂ ಪ್ರಬಂಧ ಪ್ರಕಟಿಸುವ ಮುಂಚೆಯೇ. ಯುರೋಪಿನಲ್ಲಿ ಮೊದಲು ಪ್ರಕಟಿಸಿ ಆಮೇಲೆ ಪೇಟೆಂಟ್ ಕೇಳಿದರೆ ಸಿಗುವುದಿಲ್ಲ. ಅಮೆರಿಕದಲ್ಲಿ ಒಂದು ವರ್ಷದ ಬಿಡುವು ಇದೆ. ಕಚೇರಿಯವರು ಪೇಟೆಂಟಿಗೆ ಅರ್ಜಿ ಹಾಕುತ್ತಾರೆ. ಆಮೇಲೆ ಎರಡು ದಾರಿ. ಇರುವ ಯಾವುದಾದರೂ ಕಂಪನಿಗೆ ಲೈಸೆನ್ಸ್ ಕೊಡುವುದು, ಇಲ್ಲವೇ ಹೊಸ ಕಂಪನಿ ಕಟ್ಟುವುದು. ಹೊಸದನ್ನು ಕಟ್ಟಿದರೆ ವಿಶ್ವವಿದ್ಯಾಲಯಕ್ಕೆ ಅದರಲ್ಲಿ ಒಂದಿಷ್ಟು ಷೇರು, ಮುಂದೆ ಮಾರಾಟ ಶುರುವಾದರೆ ರಾಯಲ್ಟಿ, ಅಂದರೆ ಮಾರಾಟದ ಹಣದಲ್ಲಿ ಒಂದು ಪಾಲು.

ಈ ವ್ಯವಸ್ಥೆಗೆಲ್ಲ ಅಮೆರಿಕದ 1980ರ ಬೇ-ಡೋಲ್ ಕಾಯ್ದೆಯೇ ಮೂಲ ಎಂದು ಹೇಳುವುದು ರೂಢಿ. ಸರ್ಕಾರದ ದುಡ್ಡಿನಲ್ಲಿ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯವೇ ಇಟ್ಟುಕೊಳ್ಳಬಹುದು ಎಂದು ಆ ಕಾಯ್ದೆ ಹೇಳಿತು. ಅದಕ್ಕೂ ಮುಂಚೆ ಸರ್ಕಾರದ ಬಳಿ ಸುಮಾರು 28,000 ಪೇಟೆಂಟ್‌ಗಳಿದ್ದವು, ಅದರಲ್ಲಿ ಶೇ 5ಕ್ಕಿಂತ ಕಡಿಮೆ ಮಾತ್ರ ಬಳಕೆಗೆ ಹೋಗಿದ್ದವು ಎಂಬ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಈ ಅಂಕಿಯನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ಅವುಗಳಲ್ಲಿ ಬಹಳಷ್ಟು ರಕ್ಷಣಾ ಗುತ್ತಿಗೆಯಿಂದ ಬಂದವು. ಆ ಗುತ್ತಿಗೆದಾರ ಕಂಪನಿಗಳೇ ತಮಗೆ ಬೇಡ ಎಂದು ಬಿಟ್ಟಿದ್ದವು. ಜೊತೆಗೆ ಜೆನೆನ್‌ಟೆಕ್ ಹುಟ್ಟಿದ್ದು ಕಾಯ್ದೆ ಬರುವ ನಾಲ್ಕು ವರ್ಷ ಮೊದಲೇ ಅಲ್ವಾ? ಕಾಯ್ದೆ ದಾರಿಯನ್ನು ಸಲೀಸು ಮಾಡಿತು, ನಿಜ. ಆದರೆ ಒಳ್ಳೆಯ ವಿಜ್ಞಾನ ಮತ್ತು ಅಪಾಯಕ್ಕೆ ತಯಾರಿರುವ ಹಣ ಇಲ್ಲದ ಕಡೆ ಇದೇ ಕಾಯ್ದೆಯನ್ನು ನಕಲು ಮಾಡಿದರೆ ಪೇಟೆಂಟ್ ಅರ್ಜಿಗಳಷ್ಟೇ ಹೆಚ್ಚುತ್ತವೆ.

ಇನ್ನೊಂದು ಮಾತು. ಎಲ್ಲ ಸಂಶೋಧನೆಗೂ ಕಂಪನಿ ಬೇಕಿಲ್ಲ. ಕೋಹೆನ್ ಮತ್ತು ಬೋಯರ್ ಅವರ ಮೂಲ ವಿಧಾನದ ಪೇಟೆಂಟನ್ನು ಸ್ಟ್ಯಾನ್‌ಫರ್ಡ್ ಯಾವ ಒಬ್ಬರಿಗೂ ಬರೆದುಕೊಡಲಿಲ್ಲ. ಕೇಳಿದವರಿಗೆಲ್ಲ ಕೈಗೆಟಕುವ ದರದಲ್ಲಿ ಲೈಸೆನ್ಸ್ ಕೊಟ್ಟಿತು. 1997ರಲ್ಲಿ ಅವಧಿ ಮುಗಿಯುವ ಹೊತ್ತಿಗೆ 468 ಕಂಪನಿಗಳು ಅದನ್ನು ಪಡೆದಿದ್ದವು, ಎರಡು ವಿಶ್ವವಿದ್ಯಾಲಯಗಳಿಗೆ ಸುಮಾರು 25.5 ಕೋಟಿ ಡಾಲರ್ ಬಂದಿತ್ತು. ಒಂದಿಡೀ ಉದ್ಯಮ ಅದರ ಮೇಲೆ ನಿಂತಿತು. ಎಲ್ಲರ ಕೆಲಸಕ್ಕೂ ಬರುವ ಉಪಕರಣದಂಥ ಸಂಶೋಧನೆಯನ್ನು ಹೀಗೇ ಹಂಚಬೇಕು. ಒಂದು ನಿರ್ದಿಷ್ಟ ಔಷಧಿಯ ಲೆಕ್ಕ ಬೇರೆ. ಅದಕ್ಕೆ ವರ್ಷಗಟ್ಟಲೆ ಟ್ರಯಲ್ ನಡೆಸಬೇಕು, ಕೋಟಿಗಟ್ಟಲೆ ಸುರಿಯಬೇಕು. ನಾಳೆ ಯಾರು ಬೇಕಾದರೂ ಅದನ್ನೇ ಮಾರಬಹುದು ಎಂದಾದರೆ ಯಾರೂ ಹಣ ಹಾಕುವುದಿಲ್ಲ. ಸ್ಪಿನ್‌ಔಟ್ ಬೇಕಾಗುವುದು ಅಲ್ಲಿ.

ಸೊಲೆಕ್ಸಾದಿಂದ ಕಲಿಯಬೇಕಾದದ್ದು

ಈ ನಡುವಿನ ದಾರಿಯಲ್ಲಿ ಏನೇನು ನಡೆಯುತ್ತದೆ ಎಂದು ತಿಳಿಯಲು ಸೊಲೆಕ್ಸಾ ಕಂಪನಿಯ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

1990ರ ದಶಕದ ಮಧ್ಯದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್‌ಮನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಡಿಎನ್‌ಎ ನಕಲು ಮಾಡುವ ಕಿಣ್ವವನ್ನು ಗಮನಿಸುತ್ತಿದ್ದರು. ಅದು ಒಂದೊಂದೇ ಅಕ್ಷರ ಜೋಡಿಸುವುದನ್ನು ಬೆಳಕಿನ ಸಹಾಯದಿಂದ ನೋಡುವುದು ಅವರ ಉದ್ದೇಶ. ಕುತೂಹಲಕ್ಕೆ ಮಾಡುತ್ತಿದ್ದ ಮೂಲ ವಿಜ್ಞಾನ ಅದು. ಹೀಗೆ ಕೋಟ್ಯಂತರ ತುಣುಕುಗಳನ್ನು ಒಟ್ಟಿಗೆ ನೋಡಲು ಆದರೆ ಮನುಷ್ಯನ ಜೀನೋಮನ್ನೇ, ಅಂದರೆ ಅವನ ಇಡೀ ಡಿಎನ್‌ಎ ಬರಹವನ್ನೇ, ಓದಬಹುದು ಎಂಬುದು ಅವರಿಗೆ ಹೊಳೆಯಿತು. 1998ರಲ್ಲಿ ಸೊಲೆಕ್ಸಾ ಹುಟ್ಟಿತು.

ಕಂಪನಿ ಹುಟ್ಟಿದ ಮೇಲೆ ಮೊದಲ ಯಂತ್ರ ಮಾರಾಟಕ್ಕೆ ಬರಲು 2006ರ ತನಕ ಕಾಯಬೇಕಾಯಿತು. ಆ ಎಂಟು ವರ್ಷಗಳಲ್ಲೇ ಎಲ್ಲ ಇದೆ. ಲ್ಯಾಬಿನ ವಿಧಾನದಲ್ಲಿ ಒಂದು ಕೊರತೆ ಇತ್ತು. ಒಂಟಿ ಡಿಎನ್‌ಎ ತುಣುಕಿನ ಬೆಳಕು ತುಂಬಾ ಮಂಕು, ತಪ್ಪು ಓದುವ ಸಾಧ್ಯತೆ ಜಾಸ್ತಿ. ಒಂದೇ ತುಣುಕಿನ ಸಾವಿರಾರು ಪ್ರತಿಗಳನ್ನು ಗಾಜಿನ ಮೇಲೆ ಒಂದೇ ಜಾಗದಲ್ಲಿ ಗುಂಪಾಗಿ ಬೆಳೆಸುವ ವಿಧಾನ ಬೇರೆ ಕಡೆ ಇತ್ತು. ಪಾಸ್ಕಲ್ ಮೇಯರ್ ಮತ್ತು ಸಂಗಡಿಗರು ರೂಪಿಸಿದ ಆ ವಿಧಾನ ಸ್ವಿಟ್ಜರ್ಲೆಂಡಿನ ಮಾಂಟೇಯಾ ಕಂಪನಿಯ ಕೈಯಲ್ಲಿತ್ತು. ಸೊಲೆಕ್ಸಾ 2004ರಲ್ಲಿ ಅದನ್ನು ಕೊಂಡುಕೊಂಡಿತು. ಮರುವರ್ಷ ಅಮೆರಿಕದ ಲಿಂಕ್ಸ್ ಎಂಬ ಕಂಪನಿಯ ಜೊತೆ ಸೇರಿಕೊಂಡಿತು. ಅಲ್ಲಿ ಯಂತ್ರ ತಯಾರಿಸುವ ಎಂಜಿನಿಯರ್‌ಗಳಿದ್ದರು.

ಪ್ರೊಫೆಸರೊಬ್ಬರು ತಮ್ಮ ಲ್ಯಾಬಿನಲ್ಲಿ ಕುಳಿತು ಈ ಕೆಲಸ ಮಾಡಲು ಆಗುತ್ತಿತ್ತೇ? ಖಂಡಿತ ಇಲ್ಲ. ಸಂಶೋಧನಾ ಅನುದಾನದ ಹಣದಲ್ಲಿ ಬೇರೆ ದೇಶದ ತಂತ್ರಜ್ಞಾನ ಕೊಳ್ಳಲು, ಕಂಪನಿಗಳನ್ನು ಜೋಡಿಸಲು, ಮಾರಾಟಕ್ಕೆ ತಕ್ಕ ಯಂತ್ರ ಕಟ್ಟಲು ಅವಕಾಶವಿಲ್ಲ. ಅಂಥ ಕೆಲಸದಿಂದ ಪ್ರಬಂಧವೂ ಬರುವುದಿಲ್ಲ, ಪಿಎಚ್‌ಡಿಯೂ ಬರುವುದಿಲ್ಲ. ಅತ್ತ ದೊಡ್ಡ ಕಂಪನಿಗಳಿಗೆ ಇಷ್ಟು ಕಚ್ಚಾ ಐಡಿಯಾದ ಮೇಲೆ ಎಂಟು ವರ್ಷ ಕಾಯುವ ತಾಳ್ಮೆ ಇರುವುದಿಲ್ಲ. ಈ ಎರಡರ ನಡುವೆ ಬಿದ್ದು ಕಳೆದುಹೋದ ಒಳ್ಳೆಯ ಸಂಶೋಧನೆಗಳು ಎಷ್ಟೋ.

2007ರ ಆರಂಭದಲ್ಲಿ ಅಮೆರಿಕದ ಇಲ್ಯುಮಿನಾ ಸುಮಾರು 60 ಕೋಟಿ ಡಾಲರ್ ಮೌಲ್ಯಕ್ಕೆ ಸೊಲೆಕ್ಸಾವನ್ನು ಕೊಂಡುಕೊಂಡಿತು. ಆಮೇಲೆ ಏನಾಯಿತು ನೋಡಿ. ಮಾನವ ಜೀನೋಮ್ ಯೋಜನೆ 1990ರಿಂದ 2003ರ ತನಕ 13 ವರ್ಷ ನಡೆದಿತ್ತು, ಸುಮಾರು 300 ಕೋಟಿ ಡಾಲರ್ ನುಂಗಿತ್ತು. ಇವತ್ತು ಒಬ್ಬ ಮನುಷ್ಯನ ಜೀನೋಮ್ ಓದಲು ಸಾವಿರ ಡಾಲರಿಗಿಂತ ಕಡಿಮೆ ಸಾಕು, ಒಂದೆರಡು ದಿನ ಸಾಕು. ಯಾವ ಕಾಯಿಲೆ ಎಂದೇ ಗೊತ್ತಾಗದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದ ಮಕ್ಕಳಿಗೆ ಈಗ ಕಾರಣ ಸಿಗುತ್ತಿದೆ. ಗೆಡ್ಡೆಯ ಜೀನ್ ನೋಡಿ ಕ್ಯಾನ್ಸರ್ ಔಷಧಿ ಆರಿಸುವುದು ವಾಡಿಕೆಯಾಗಿದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ ರೋಗಿಗಳ ಒಂದು ಲಕ್ಷ ಜೀನೋಮ್ ಓದುವ ಯೋಜನೆ 2018ರಲ್ಲಿ ಗುರಿ ಮುಟ್ಟಿತು. ಕೋವಿಡ್ ಕಾಲದಲ್ಲಿ ಹೊಸ ಹೊಸ ತಳಿಗಳನ್ನು ಜಗತ್ತು ವಾರಗಳೊಳಗೆ ಗುರುತಿಸಿತಲ್ಲ, ಅದರ ಹಿಂದೆಯೂ ಈ ಬಗೆಯ ಯಂತ್ರಗಳಿದ್ದವು.

ಇದೇ ಹಾದಿಯಲ್ಲಿ 2005ರಲ್ಲಿ ಆಕ್ಸ್‌ಫರ್ಡ್‌ನಿಂದ ಇನ್ನೊಂದು ಕಂಪನಿ ಬಂತು, ಆಕ್ಸ್‌ಫರ್ಡ್ ನ್ಯಾನೊಪೋರ್. ಹ್ಯಾಗನ್ ಬೇಲಿ ಅವರ ಸಂಶೋಧನೆ ಅದರ ಬೇರು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರದಲ್ಲಿ ಡಿಎನ್‌ಎ ಓದುವುದು ಅದರ ವಿಶೇಷ. 2015ರಲ್ಲಿ ಗಿನಿ ದೇಶದಲ್ಲಿ ಎಬೋಲಾ ಹರಡುತ್ತಿದ್ದಾಗ ವಿಜ್ಞಾನಿಗಳು ಆ ಯಂತ್ರಗಳನ್ನು ಪೆಟ್ಟಿಗೆಯಲ್ಲಿ ಹೊತ್ತೊಯ್ದು ಸ್ಥಳದಲ್ಲೇ ವೈರಸ್ಸಿನ ಜಾಡು ಹಿಡಿದರು.

ಆರ್ಥಿಕತೆಗೆ ಏನು ಸಿಕ್ಕಿತು?

ಸೊಲೆಕ್ಸಾ ಮಾರಾಟವಾದಾಗ ಬ್ರಿಟನ್ನಿನಲ್ಲಿ ಒಂದು ನೋವು ಉಳಿಯಿತು. ವಿಜ್ಞಾನ ನಮ್ಮದು, ಬೆಳೆದ ಕಂಪನಿ ಅಮೆರಿಕದ್ದು ಎಂಬ ನೋವು. ಅದರಲ್ಲಿ ಅರ್ಧ ಸತ್ಯ ಇದೆ. ದೊಡ್ಡ ಲಾಭ, ದೊಡ್ಡ ತೆರಿಗೆ, ಮುಖ್ಯ ಕಚೇರಿ ಸ್ಯಾನ್ ಡಿಯಾಗೊ ಕಡೆಗೆ ಹೋಯಿತು. ಆದರೂ ಇಲ್ಯುಮಿನಾ ಕೇಂಬ್ರಿಜ್ ಹತ್ತಿರ ದೊಡ್ಡ ಸಂಶೋಧನಾ ಕೇಂದ್ರ ಉಳಿಸಿಕೊಂಡಿತು. ಈ ಕೆಲಸದಲ್ಲಿ ಪಳಗಿದ ಜನ ಅಲ್ಲೇ ಬೇರೆ ಕಂಪನಿಗಳಿಗೆ ಹೋದರು, ಹೊಸದನ್ನು ಕಟ್ಟಿದರು. ಕಂಪನಿ ಮಾರಾಟವಾದರೂ ಜನ ಕಲಿತ ವಿದ್ಯೆ ಉಳಿಯುತ್ತದೆ. ಆರ್ಥಿಕ ಬೆಳವಣಿಗೆಯ ಲೆಕ್ಕದಲ್ಲಿ ಇದನ್ನು ಅಳೆಯುವುದು ಕಷ್ಟ. ಅಳೆಯಲು ಕಷ್ಟ ಎಂಬ ಕಾರಣಕ್ಕೆ ಸುಮ್ನೆ ಬಿಟ್ಟುಬಿಡುವುದು ಸರಿಯಲ್ಲ.

ಅಳೆಯಲು ಸುಲಭವಾದ ಉದಾಹರಣೆ ಜರ್ಮನಿಯ ಮೈಂಜ್ ನಗರದ್ದು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕ್ಯಾನ್ಸರ್ ಸಂಶೋಧನೆ ಮಾಡುತ್ತಿದ್ದ ಉಗುರ್ ಶಾಹಿನ್ ಮತ್ತು ಓಜ್ಲೆಮ್ ಟ್ಯುರೆಜಿ ದಂಪತಿ 2008ರಲ್ಲಿ ಬಯೋಎನ್‌ಟೆಕ್ ಕಟ್ಟಿದರು. ಮೊದಲ ಉತ್ಪನ್ನವಾದ ಕೋವಿಡ್ ಲಸಿಕೆ ಮಾರುಕಟ್ಟೆಗೆ ಬಂದಿದ್ದು 2020ರ ಡಿಸೆಂಬರಿನಲ್ಲಿ. ಹನ್ನೆರಡು ವರ್ಷ ಮಾರಲು ಒಂದು ಔಷಧಿಯೂ ಇರಲಿಲ್ಲ. ಅಷ್ಟು ಕಾಲ ಹಣ ಹಾಕುತ್ತಲೇ ಇದ್ದ ಹೂಡಿಕೆದಾರರು ಅವರಿಗೆ ಸಿಕ್ಕಿದ್ದರು. ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀವಕೋಶಕ್ಕೆ ಸೂಚನೆ ಒಯ್ಯುವ ಅಣು) ಮೇಲೆ ದಶಕಗಟ್ಟಲೆ ದುಡಿದು, ವಿಶ್ವವಿದ್ಯಾಲಯದಲ್ಲಿ ಬಡ್ತಿಯ ಬದಲು ಹಿಂಬಡ್ತಿ ಕಂಡಿದ್ದ ಕ್ಯಾಟಲಿನ್ ಕರಿಕೊ 2013ರಲ್ಲಿ ಸೇರಿದ್ದು ಇದೇ ಕಂಪನಿಗೆ. 2023ರಲ್ಲಿ ಅವರಿಗೆ ನೊಬೆಲ್ ಬಂತು. ವಿಶ್ವವಿದ್ಯಾಲಯದ ಅಳತೆಗೋಲಿಗೆ ಸಿಗದ ಪ್ರತಿಭೆಗೂ ಇಂಥ ಕಂಪನಿಯಲ್ಲಿ ಜಾಗ ಇರುತ್ತದೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಕೋವಿಡ್ ಲಸಿಕೆಯಿಂದ 2021ರಲ್ಲಿ ಬಯೋಎನ್‌ಟೆಕ್‌ಗೆ ಸುಮಾರು 1,900 ಕೋಟಿ ಯೂರೊ ಆದಾಯ ಬಂತು. ವರ್ಷಗಳಿಂದ ಸಾಲದಲ್ಲಿದ್ದ ಮೈಂಜ್ ನಗರಕ್ಕೆ ಒಮ್ಮೆಲೇ ತೆರಿಗೆ ಹರಿದು ಬಂತು. ಆ ವರ್ಷ ಸುಮಾರು 100 ಕೋಟಿ ಯೂರೊ ಮಿಗುತ್ತದೆ ಎಂದು ನಗರಾಡಳಿತ ಅಂದಾಜು ಮಾಡಿತು, ಸಾಲ ತೀರಿಸುವ ಮಾತಾಡಿತು, ಉದ್ಯಮಗಳ ಮೇಲಿನ ತೆರಿಗೆ ದರವನ್ನೂ ಇಳಿಸಿತು. ಆದರೆ 2023ರಲ್ಲಿ ಕಂಪನಿಯ ಆದಾಯ ಸುಮಾರು 380 ಕೋಟಿ ಯೂರೊಗೆ ಕುಸಿಯಿತು. ನಗರದ ತೆರಿಗೆ ವರಮಾನವೂ ಕುಸಿಯಿತು. ಒಂದೇ ಕಂಪನಿಯ ಮೇಲೆ ನಿಂತ ಸಮೃದ್ಧಿ ಎಷ್ಟು ಬೇಗ ಏರುತ್ತದೋ ಅಷ್ಟೇ ಬೇಗ ಇಳಿಯುತ್ತದೆ.

ಗಟ್ಟಿಯಾಗಿ ಬೇರೂರುವುದು ಹಲವು ಕಂಪನಿಗಳು ಒಟ್ಟಿಗೆ ಇರುವ ಕಡೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ನಗರವನ್ನೇ ನೋಡಿ. ಎಂಐಟಿ, ಹಾರ್ವರ್ಡ್ ಎರಡೂ ಅಲ್ಲಿವೆ. 1976ರಲ್ಲಿ ಜೀನ್ ಬೆಸೆಯುವ ಪ್ರಯೋಗಗಳ ಬಗ್ಗೆ ಜನರಿಗೆ ಭಯ ಹುಟ್ಟಿ ನಗರಸಭೆ ಕೆಲವು ಪ್ರಯೋಗಗಳನ್ನೇ ತಡೆಹಿಡಿಯಿತು. ಸಾಮಾನ್ಯ ನಾಗರಿಕರ ಒಂದು ಸಮಿತಿ ತಿಂಗಳುಗಟ್ಟಲೆ ಕೂತು ವಿಚಾರ ಮಾಡಿತು. 1977ರಲ್ಲಿ ಸ್ಪಷ್ಟವಾದ ನಿಯಮಗಳು ಬಂದವು. ಅದರಿಂದ ಉದ್ಯಮ ಓಡಿಹೋಗುತ್ತದೆ ಎಂದು ಹಲವರು ಹೆದರಿದ್ದರು. ಆಗಿದ್ದು ಬೇರೆ. ಏನು ಮಾಡಬಹುದು, ಏನು ಮಾಡಬಾರದು ಎಂದು ಮೊದಲೇ ಗೊತ್ತಿದ್ದುದರಿಂದ ಬಯೋಜೆನ್‌ನಂಥ ಕಂಪನಿಗಳು ಅಲ್ಲೇ ತಳ ಊರಿದವು. ಮುಂದೆ ಮಾಡರ್ನಾ ತನಕ ನೂರಾರು ಕಂಪನಿಗಳು ಅದೇ ಪ್ರದೇಶದಲ್ಲಿ ಬೆಳೆದವು. ಒಂದು ಕಂಪನಿ ಮುಚ್ಚಿದರೆ ಅಲ್ಲಿನ ಜನ ರಸ್ತೆ ದಾಟಿ ಇನ್ನೊಂದಕ್ಕೆ ಸೇರುತ್ತಾರೆ. ಹಾಗಾಗಿ ಸೋಲುವ ಭಯ ಕಡಿಮೆ, ಹೊಸ ಪ್ರಯತ್ನ ಜಾಸ್ತಿ.

ಸೋಲಿನ ಮಾತು ಬಂತು, ಅದನ್ನೂ ನೇರವಾಗಿ ಹೇಳಬೇಕು. ಮನುಷ್ಯರ ಮೇಲೆ ಮೊದಲ ಹಂತದ ಟ್ರಯಲ್‌ಗೆ ಬರುವ ಔಷಧಿಗಳಲ್ಲಿ ಕೊನೆಗೆ ಒಪ್ಪಿಗೆ ಪಡೆಯುವುದು ಸುಮಾರು ಹತ್ತರಲ್ಲಿ ಒಂದು. ಒಂದೇ ಔಷಧಿ ಹಿಡಿದುಕೊಂಡ ಪುಟ್ಟ ಕಂಪನಿಗೆ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹೆಚ್ಚಿನ ಕಂಪನಿಗಳು ಸದ್ದಿಲ್ಲದೆ ಮುಚ್ಚುತ್ತವೆ. ಬೆರಳೆಣಿಕೆಯಷ್ಟು ಮಾತ್ರ ಬೃಹತ್ತಾಗಿ ಬೆಳೆಯುತ್ತವೆ. "ಈ ವರ್ಷ ನಮ್ಮಲ್ಲಿ ಇಷ್ಟು ಸ್ಪಿನ್‌ಔಟ್ ಹುಟ್ಟಿದವು" ಎಂದು ಸಂಖ್ಯೆ ತೋರಿಸುವ ವರದಿಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ಐದು ವರ್ಷದ ನಂತರ ಎಷ್ಟು ಉಳಿದವು, ಎಷ್ಟು ಬಂಡವಾಳ ಸಿಕ್ಕಿತು, ಎಷ್ಟು ಉತ್ಪನ್ನ ರೋಗಿಗಳನ್ನು ತಲುಪಿತು, ಇವನ್ನು ಕೇಳಬೇಕು.

ತಲುಪಿದ ಉತ್ಪನ್ನಗಳ ಪಟ್ಟಿ ಚಿಕ್ಕದೇನಲ್ಲ. 1970ರಿಂದ 2009ರ ತನಕ ಅಮೆರಿಕದ ಸಾರ್ವಜನಿಕ ಸಂಶೋಧನಾ ಸಂಸ್ಥೆಗಳಿಂದ ಹೊರಟು ಅಲ್ಲಿನ ಒಪ್ಪಿಗೆ ಪಡೆದ ಔಷಧ, ಲಸಿಕೆ ಮತ್ತು ಹಳೆಯ ಔಷಧಗಳ ಹೊಸ ಉಪಯೋಗಗಳು 153 ಎಂದು 2011ರ ಅಧ್ಯಯನವೊಂದು ಎಣಿಸಿತ್ತು. ಎಲ್ಲವೂ ಸ್ಪಿನ್‌ಔಟ್ ಮೂಲಕ ಬಂದವಲ್ಲ. ಬ್ರಿಟನ್ನಿನಲ್ಲೂ ಇಂಥ ಕಂಪನಿಗಳಿಂದ ಬಂದ ಕೆಲವು ಉತ್ಪನ್ನಗಳು ವೈದ್ಯಕೀಯವನ್ನೇ ಬದಲಿಸಿವೆ. ಆಕ್ಸ್‌ಫರ್ಡ್‌ನ ಮಾರ್ಟಿನ್ ವುಡ್ 1959ರಲ್ಲಿ ಕಟ್ಟಿದ ಆಕ್ಸ್‌ಫರ್ಡ್ ಇನ್‌ಸ್ಟ್ರುಮೆಂಟ್ಸ್ ಮಾಡಿದ ಅತಿವಾಹಕ (ವಿದ್ಯುತ್ತಿಗೆ ಅಡ್ಡಿಯೇ ಒಡ್ಡದ ತಂತಿಯ) ಆಯಸ್ಕಾಂತಗಳು ಎಂಆರ್‌ಐ ಸ್ಕ್ಯಾನರನ್ನು ಆಸ್ಪತ್ರೆಗೆ ತಂದವು. ಗ್ರೆಗ್ ವಿಂಟರ್ 1989ರಲ್ಲಿ ಜೊತೆಗಾರರೊಂದಿಗೆ ಕಟ್ಟಿದ ಕೇಂಬ್ರಿಜ್ ಆ್ಯಂಟಿಬಾಡಿ ಟೆಕ್ನಾಲಜಿಯ ವಿಧಾನದಿಂದ ಬಂದ ಅಡಾಲಿಮುಮಾಬ್ ಸಂಧಿವಾತದ ರೋಗಿಗಳ ಬದುಕು ಬದಲಿಸಿತು. ವರ್ಷಕ್ಕೆ 2,000 ಕೋಟಿ ಡಾಲರಿಗೂ ಮೀರಿ ಮಾರಾಟವಾದ ಔಷಧಿ ಅದು.

ಯಾರಿಗೆ ಎಷ್ಟು ಪಾಲು?

ಈಗ ಜಗಳದ ವಿಷಯ. ಕಂಪನಿ ಕಟ್ಟುವಾಗ ವಿಶ್ವವಿದ್ಯಾಲಯ ಎಷ್ಟು ಷೇರು ಕೇಳಬೇಕು?

ಬ್ರಿಟನ್ನಿನ ಕೆಲವು ವಿಶ್ವವಿದ್ಯಾಲಯಗಳು ಬಹಳ ಕಾಲ ದೊಡ್ಡ ಪಾಲನ್ನೇ ಕೇಳುತ್ತಿದ್ದವು. ಮಾತುಕತೆ ತಿಂಗಳುಗಟ್ಟಲೆ ಎಳೆಯುತ್ತಿತ್ತು. ಐರೀನ್ ಟ್ರೇಸಿ ಮತ್ತು ಆಂಡ್ರೂ ವಿಲಿಯಮ್ಸನ್ ನಡೆಸಿದ ಸ್ವತಂತ್ರ ಪರಿಶೀಲನೆಯ ವರದಿ 2023ರ ನವೆಂಬರಿನಲ್ಲಿ ಹೊರಬಂತು. ಜೀವವಿಜ್ಞಾನದ ಕಂಪನಿಗಳಲ್ಲಿ ಶೇ 10ರಿಂದ 25, ಸಾಫ್ಟ್‌ವೇರ್‌ನಂಥವುಗಳಲ್ಲಿ ಶೇ 10 ಅಥವಾ ಅದಕ್ಕೂ ಕಡಿಮೆ ಸಾಕು ಎಂದು ಅದು ಹೇಳಿತು. ಶುರುವಿನಲ್ಲೇ ವಿಶ್ವವಿದ್ಯಾಲಯ ಅರ್ಧ ಪಾಲು ತೆಗೆದುಕೊಂಡರೆ, ಒಂದೆರಡು ಸುತ್ತು ಹೂಡಿಕೆ ಬರುವಷ್ಟರಲ್ಲಿ ಹಗಲುರಾತ್ರಿ ದುಡಿಯುವ ಸಂಸ್ಥಾಪಕರ ಪಾಲು ಪುಡಿಪುಡಿಯಾಗಿರುತ್ತದೆ. ಅಂಥ ಕಂಪನಿಗೆ ಹೂಡಿಕೆದಾರರು ಹಣ ಹಾಕುವುದಿಲ್ಲ.

ಸಂಶೋಧಕರಿಗೆ ಸಿಗುವ ಪಾಲು ನಿಜಕ್ಕೂ ಅಷ್ಟು ಮುಖ್ಯವೇ? ನಾರ್ವೆಯ ಅನುಭವ ನೋಡಿದರೆ ಹೌದು. ಅಲ್ಲಿ ಮೊದಲು ಪ್ರೊಫೆಸರುಗಳೇ ತಮ್ಮ ಸಂಶೋಧನೆಯ ಪೂರ್ತಿ ಹಕ್ಕುದಾರರು. 2003ರಲ್ಲಿ ನಿಯಮ ಬದಲಾಗಿ ಮೂರರಲ್ಲಿ ಎರಡು ಪಾಲು ವಿಶ್ವವಿದ್ಯಾಲಯಕ್ಕೆ ಹೋಯಿತು. ಇದರ ಪರಿಣಾಮವನ್ನು ಹ್ವಿಡೆ ಮತ್ತು ಜೋನ್ಸ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ವಿಶ್ವವಿದ್ಯಾಲಯದವರು ಕಟ್ಟುವ ಕಂಪನಿಗಳು, ಪಡೆಯುವ ಪೇಟೆಂಟ್‌ಗಳು ಎರಡೂ ಸುಮಾರು ಅರ್ಧಕ್ಕೆ ಇಳಿದಿದ್ದವು. ಹೆಚ್ಚಿನ ಪಾಲು ಪಡೆದ ವಿಶ್ವವಿದ್ಯಾಲಯಕ್ಕೆ ಹಂಚಿಕೊಳ್ಳಲು ಉಳಿದಿದ್ದೇ ಕಡಿಮೆ.

ವಿಶ್ವವಿದ್ಯಾಲಯದ ಪರ ಒಂದು ನ್ಯಾಯವಾದ ಮಾತೂ ಇದೆ. ಲ್ಯಾಬ್, ಉಪಕರಣ, ಸಂಬಳ, ವಿದ್ಯಾರ್ಥಿಗಳ ದುಡಿಮೆ, ಇವೆಲ್ಲ ಸಾರ್ವಜನಿಕ ಹಣದಿಂದ ಬಂದಿವೆ. ಅದಕ್ಕೆ ಪ್ರತಿಫಲ ಬೇಡವೇ? ಬೇಕು. ಆದರೆ ಸ್ಟ್ಯಾನ್‌ಫರ್ಡ್‌ನ ಲೆಕ್ಕ ನೋಡಿ. ಗೂಗಲ್‌ನ ಮೂಲ ಪೇಟೆಂಟಿಗೆ ಬದಲಾಗಿ ಸಿಕ್ಕ ಷೇರುಗಳನ್ನು ಅದು 2005ರಲ್ಲಿ ಮಾರಿದಾಗ ಬಂದಿದ್ದು 33.6 ಕೋಟಿ ಡಾಲರ್. ಅಷ್ಟು ದೊಡ್ಡ ಅದೃಷ್ಟ ದಶಕಗಳಿಗೊಮ್ಮೆ, ಎಲ್ಲೋ ಒಂದು ವಿಶ್ವವಿದ್ಯಾಲಯಕ್ಕೆ ಖುಲಾಯಿಸುತ್ತದೆ. ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ನಂಬಿ ಬಜೆಟ್ ಮಾಡಲಾಗದು. ಬಹಳಷ್ಟು ವರ್ಗಾವಣೆ ಕಚೇರಿಗಳಿಗೆ ತಮ್ಮ ಖರ್ಚೂ ಹುಟ್ಟುವುದಿಲ್ಲ.

ನನ್ನ ಕೇಳಿದರೆ ವಿಶ್ವವಿದ್ಯಾಲಯ ಷೇರಿನ ವಿಷಯದಲ್ಲಿ ಕೈ ಸಡಿಲ ಮಾಡಬೇಕು, ಷರತ್ತಿನ ವಿಷಯದಲ್ಲಿ ಬಿಗಿಯಾಗಬೇಕು. ಈಗ ಹಲವು ಕಡೆ ನಡೆಯುತ್ತಿರುವುದು ಇದರ ಉಲ್ಟಾ.

ಔಷಧಿ ಇದೆ, ಕೈಗೆಟಕುವುದಿಲ್ಲ

ಯಾವ ಷರತ್ತು? ಮೊದಲನೆಯದಾಗಿ ಬೆಲೆ ಮತ್ತು ಲಭ್ಯತೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಸರ್ಕಾರಿ ಅನುದಾನದಿಂದ ಹುಟ್ಟಿದ ಪ್ರಾಸ್ಟೇಟ್ ಕ್ಯಾನ್ಸರ್ ಔಷಧಿ ಎನ್ಜಾಲುಟಮೈಡ್. ಅಮೆರಿಕದಲ್ಲೇ ಅದರ ಬೆಲೆ ಬೇರೆ ಶ್ರೀಮಂತ ದೇಶಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ ಎಂದು ರೋಗಿಗಳು ದೂರಿದರು. ಬೇ-ಡೋಲ್ ಕಾಯ್ದೆಯಲ್ಲಿ ಸರ್ಕಾರ ಮಧ್ಯೆ ಪ್ರವೇಶಿಸಿ ಬೇರೆಯವರಿಗೂ ಲೈಸೆನ್ಸ್ ಕೊಡಿಸುವ ಅಧಿಕಾರ ಇದೆ. ಅದನ್ನು ಬಳಸಿ ಎಂದು ಕೇಳಿದ ಅರ್ಜಿ 2023ರಲ್ಲಿ ತಿರಸ್ಕಾರವಾಯಿತು. ಕಾಯ್ದೆ ಬಂದಾಗಿನಿಂದ ಅಂಥ ಅರ್ಜಿಗಳು ಹಲವು ಬಂದಿವೆ. ಒಂದಕ್ಕೂ ಒಪ್ಪಿಗೆ ಸಿಕ್ಕಿಲ್ಲ. ಔಷಧಿ ಮಾರುಕಟ್ಟೆಗೆ ಬಂದ ಮೇಲೆ ಬೆಲೆ ಇಳಿಸಲು ಹೋರಾಡುವುದು ಬಹಳ ತಡವಾದ ಹೋರಾಟ. ಲೈಸೆನ್ಸ್ ಬರೆಯುವ ದಿನವೇ ಅದನ್ನು ಬರೆಯಬೇಕು.

ಬರೆದರೆ ಆಗುತ್ತದೆ ಎನ್ನುವುದಕ್ಕೆ ಉದಾಹರಣೆಗಳಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಜೇ ಕೀಸ್ಲಿಂಗ್ ತಂಡ ಮಲೇರಿಯಾ ಔಷಧಿ ಆರ್ಟೆಮಿಸಿನಿನ್‌ನ ಮೂಲವಸ್ತುವನ್ನು ಯೀಸ್ಟ್ ಮೂಲಕ ತಯಾರಿಸುವ ವಿಧಾನ ಕಂಡುಹಿಡಿಯಿತು. ಅಲ್ಲಿಂದ ಹುಟ್ಟಿದ ಕಂಪನಿ ಅಮಿರಿಸ್. 2004ರಲ್ಲಿ ಗೇಟ್ಸ್ ಪ್ರತಿಷ್ಠಾನ 4.26 ಕೋಟಿ ಡಾಲರ್ ಅನುದಾನ ಕೊಟ್ಟಿತು. ಮಲೇರಿಯಾ ಔಷಧಿಯ ಮಟ್ಟಿಗೆ ರಾಯಲ್ಟಿ ಬೇಡ ಎಂಬ ಮಾತು ಒಪ್ಪಂದದಲ್ಲೇ ಇತ್ತು. ಅದೇ ತಂತ್ರವನ್ನು ಬೇರೆ ಉತ್ಪನ್ನಗಳಿಗೆ ಬಳಸಿ ಕಂಪನಿ ಲಾಭ ಮಾಡಿಕೊಳ್ಳಬಹುದಿತ್ತು. ಔಷಧ ಕಂಪನಿ ಸನೋಫಿ 2013ರಲ್ಲಿ ಉತ್ಪಾದನೆ ಶುರುಮಾಡಿತು. ಆದರೆ ಅಷ್ಟರಲ್ಲಿ ಗಿಡದಿಂದ ತೆಗೆಯುವ ಆರ್ಟೆಮಿಸಿನಿನ್ ಬೆಲೆ ಇಳಿದಿದ್ದರಿಂದ ಇದಕ್ಕೆ ನಿರೀಕ್ಷೆಯಷ್ಟು ಬೇಡಿಕೆ ಬರಲಿಲ್ಲ. ಅಮಿರಿಸ್ ಇಂಧನ, ಸೌಂದರ್ಯವರ್ಧಕ ಎಂದು ದಿಕ್ಕು ಬದಲಿಸುತ್ತಾ 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ಮಲೇರಿಯಾದ ಷರತ್ತಿನಿಂದ ಅದು ಸೋತಿತು ಎಂದು ನಾನು ಒಪ್ಪುವುದಿಲ್ಲ. ಆ ಒಪ್ಪಂದದ ರೂಪ ಈಗಲೂ ಅನುಸರಿಸಲು ಯೋಗ್ಯ.

ಆಕ್ಸ್‌ಫರ್ಡ್‌ನ ಕೋವಿಡ್ ಲಸಿಕೆಯೂ ಹೀಗೇ. ಅದರ ತಂತ್ರದ ಹಕ್ಕು ಸಾರಾ ಗಿಲ್ಬರ್ಟ್ ಮತ್ತು ಏಡ್ರಿಯನ್ ಹಿಲ್ 2016ರಲ್ಲಿ ಕಟ್ಟಿದ ವ್ಯಾಕ್ಸಿಟೆಕ್ ಬಳಿ ಇತ್ತು. ಆಸ್ಟ್ರಾಜೆನೆಕಾ ಜೊತೆ ಒಪ್ಪಂದ ಆದಾಗ, ಸಾಂಕ್ರಾಮಿಕ ಇರುವ ತನಕ ಲಾಭವಿಲ್ಲದೆ ಮಾರಬೇಕು ಎಂಬ ಷರತ್ತು ಅದರಲ್ಲಿ ಸೇರಿತು. 300 ಕೋಟಿಗೂ ಹೆಚ್ಚು ಡೋಸ್ ಜಗತ್ತಿಗೆ ಹಂಚಿಕೆಯಾಯಿತು.

ಬೆಲೆ ಇಳಿಸಲು ಇನ್ನೊಂದು ದಾರಿ, ಕಂಪನಿ ಹುಟ್ಟುವ ಜಾಗವೇ ಬೇರೆಯಾಗುವುದು. ರೋಗಿಯ ರಕ್ತದ ಕಣಗಳನ್ನೇ ಬದಲಾಯಿಸಿ ರಕ್ತ ಕ್ಯಾನ್ಸರ್ ವಿರುದ್ಧ ಹೋರಾಡಿಸುವ ಕಾರ್-ಟಿ ಚಿಕಿತ್ಸೆ 2017ರಲ್ಲಿ ಅಮೆರಿಕದಲ್ಲಿ ಬಂದಾಗ ಅದರ ಬೆಲೆ 4,75,000 ಡಾಲರ್. ಐಐಟಿ ಬಾಂಬೆಯಲ್ಲಿ ರಾಹುಲ್ ಪುರ್ವಾರ್ ತಂಡ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಜೊತೆ ಸೇರಿ ಇಂಥದೇ ಚಿಕಿತ್ಸೆ ರೂಪಿಸಿತು. ಅಲ್ಲಿಂದ ಹುಟ್ಟಿದ ಇಮ್ಯುನೊಆ್ಯಕ್ಟ್ ಕಂಪನಿಯ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಅಮೆರಿಕದ್ದರ ಸುಮಾರು ಹತ್ತನೇ ಒಂದು ಭಾಗ. ಇದೂ ಬಹಳ ಜನರಿಗೆ ನಿಲುಕುವ ಬೆಲೆಯಲ್ಲ. ಆದರೂ ಎಲ್ಲಿ ರೋಗಿಗಳ ಕೈಯಲ್ಲಿ ಹಣ ಕಡಿಮೆಯೋ ಅಲ್ಲಿನ ಲ್ಯಾಬಿನಿಂದ ಹೊರಟ ಕಂಪನಿ, ವೆಚ್ಚ ಇಳಿಸುವುದನ್ನೇ ಮೊದಲ ದಿನದಿಂದ ಲೆಕ್ಕ ಹಾಕುತ್ತದೆ.

ಎರಡನೇ ಷರತ್ತು ಸರಳ. ಕಂಪನಿ ನಿಗದಿತ ಕಾಲದಲ್ಲಿ ಕೆಲಸ ಮುಂದುವರಿಸದಿದ್ದರೆ, ಮುಚ್ಚಿಹೋದರೆ, ಅಥವಾ ಕೊಂಡುಕೊಂಡ ದೊಡ್ಡ ಕಂಪನಿ ಆ ಔಷಧಿಯನ್ನು ಮೂಲೆಗೆ ತಳ್ಳಿದರೆ ಪೇಟೆಂಟಿನ ಹಕ್ಕು ವಿಶ್ವವಿದ್ಯಾಲಯಕ್ಕೆ ವಾಪಸ್ ಬರಬೇಕು. ಆಗ ಇನ್ನೊಬ್ಬರು ಪ್ರಯತ್ನಿಸಬಹುದು.

ಇಷ್ಟೆಲ್ಲ ಮಾಡಿದರೂ ಸ್ಪಿನ್‌ಔಟ್‌ಗಳಿಂದ ಮಾತ್ರ ಬಗೆಹರಿಯದ ಕೆಲಸಗಳಿವೆ. ಆ್ಯಂಟಿಬಯೋಟಿಕ್‌ಗಳದ್ದು ಅಂಥ ಕಥೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತಿವೆ, ಹೊಸ ಆ್ಯಂಟಿಬಯೋಟಿಕ್ ತುರ್ತಾಗಿ ಬೇಕು. ಆದರೆ ಹೊಸದು ಬಂದರೆ ವೈದ್ಯರು ಅದನ್ನು ಕೊನೆಯ ಅಸ್ತ್ರವಾಗಿ ಎತ್ತಿಡುತ್ತಾರೆ. ಎತ್ತಿಡುವುದೇ ಸರಿ. ಆಗ ಮಾರಾಟ ಆಗುವುದಿಲ್ಲ. ಅಮೆರಿಕದ ಅಕಾಯೋಜೆನ್ ಎಂಬ ಸಣ್ಣ ಕಂಪನಿ 2018ರ ಜೂನ್‌ನಲ್ಲಿ ತನ್ನ ಹೊಸ ಆ್ಯಂಟಿಬಯೋಟಿಕ್‌ಗೆ ಒಪ್ಪಿಗೆ ಪಡೆಯಿತು. ಹತ್ತರಲ್ಲಿ ಒಂಬತ್ತು ಸೋಲುವ ದಾರಿಯಲ್ಲಿ ಅದು ಗೆದ್ದಿತ್ತು. ಒಂದು ವರ್ಷವೂ ತುಂಬುವ ಮೊದಲೇ, 2019ರ ಏಪ್ರಿಲ್‌ನಲ್ಲಿ, ದಿವಾಳಿಯಾಯಿತು.

ಇದಕ್ಕೆ ಮದ್ದು ಕೊಳ್ಳುವವರ ಕೈಯಲ್ಲಿದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2022ರಲ್ಲಿ ಎರಡು ಆ್ಯಂಟಿಬಯೋಟಿಕ್‌ಗಳಿಗೆ ಹೊಸ ಬಗೆಯ ಪಾವತಿ ಶುರುಮಾಡಿತು. ಎಷ್ಟು ಡೋಸ್ ಬಳಸಿದರೂ, ಬಳಸದಿದ್ದರೂ, ಪ್ರತಿ ಔಷಧಿಗೆ ವರ್ಷಕ್ಕೆ ಒಂದು ಕೋಟಿ ಪೌಂಡ್ ತನಕ ನಿಗದಿತ ಹಣ. ಇನ್ನಷ್ಟು ದೇಶಗಳು ಹೀಗೆ ಕೊಳ್ಳಲು ಮುಂದೆ ಬಂದರೆ, ಹೊಸ ಆ್ಯಂಟಿಬಯೋಟಿಕ್ ಹಿಡಿದು ಲ್ಯಾಬಿನಿಂದ ಹೊರಡುವ ಸಂಶೋಧಕರಿಗೆ ಹೂಡಿಕೆದಾರರ ಮುಂದೆ ಇಡಲು ಒಂದು ಆದಾಯದ ಲೆಕ್ಕ ಇರುತ್ತದೆ. ಸದ್ಯಕ್ಕೆ ಅವರಲ್ಲಿ ಹೆಚ್ಚಿನವರ ಬಳಿ ಅದು ಇಲ್ಲ.